ಊಟಕ್ಕೊಂದು ಟ್ರಯಲ್

ದರ್ಜಿಯ ಹೆಂಡತಿ ದೇವರನ್ನು ದೊಡ್ಡ ದೊಡ್ಡ ವರಗಳಿಗಾಗಿ ಪೀಡಿಸಿದವಳಲ್ಲ. ಗಂಡನ ಕಣ್ಣು ಸೂಜಿಗೆ ದಾರ ಪೋಣಿಸುವಷ್ಟು ಚುರುಕಾಗಿರಲಿ, ಅತ್ತೆಯ ಮಂಡಿ ಮೆಟ್ಟಿಲು ಹತ್ತುವಷ್ಟು ಗಟ್ಟಿಯಾಗಿರಲಿ, ಕಾಲೇಜಿಗೆ ಹೋಗುವ ಮಗ ಹೊತ್ತು ನೆತ್ತಿಗೇರುವ ಮೊದಲಾದರೂ ಏಳಲಿ. ಅವಳ ಬೇಡಿಕೆ ಇಷ್ಟೇ. ಆದರೆ ಆ ವಾರ ಮುಂಜಾನೆ ಕಣ್ಣು ಮುಚ್ಚಿ ಕೂತಾಗ ಅವಳು ಹೊಸದೊಂದನ್ನು ಸೇರಿಸಿದಳು: "ಅಪ್ಪಾ, ರಜೆಗೆ ಹೋಗುವ ಮೂರು ದಿನ 'ಏನಾದ್ರೂ ಮಾಡು' ಅನ್ನೋ ಮಾತು ನನ್ನ ಕಿವಿಗೆ ಬೀಳದ ಹಾಗೆ ನೋಡಿಕೋ. ವಾಪಸು ಬಂದ ಮೇಲೆ ಬೇಕಾದರೆ ಬಡ್ಡಿ ಸೇರಿಸಿ ಕೇಳಿಸು."

ಆ ಮಾತಿನ ಕಥೆ ಹೀಗಿದೆ. ದಿನಕ್ಕೆ ಮೂರು ಹೊತ್ತು ಅವಳು ಒಲೆಯ ಮುಂದೆ ನಿಂತು ಮನೆಯವರನ್ನು ಕೇಳುತ್ತಿದ್ದಳು, ಏನು ಅಡಿಗೆ ಮಾಡಲಿ ಎಂದು. ಮುಂದಿನ ಕೋಣೆಯೇ ಅಂಗಡಿ. ಅಲ್ಲಿಂದ ಹೊಲಿಗೆ ಯಂತ್ರದ ಸದ್ದಿನ ನಡುವೆ ಗಂಡ, "ಏನಾದ್ರೂ ಮಾಡು" ಅನ್ನುತ್ತಿದ್ದ. ಕಿಟಕಿಯ ಪಕ್ಕದ ಕುರ್ಚಿಯಿಂದ ಅತ್ತೆ, "ನನ್ನದೇನಮ್ಮ, ಎರಡು ತುತ್ತಿನ ಜೀವ, ಏನಾದ್ರೂ ಮಾಡು" ಅನ್ನುತ್ತಿದ್ದರು. ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದು ಇವರ ಒಲೆಯಲ್ಲೇ ಉಣ್ಣುವ ಅವಳ ತಮ್ಮ, ಬಸ್ ಡ್ರೈವರ್, ಮೆಟ್ಟಿಲು ಇಳಿಯುತ್ತಲೇ ಅದನ್ನೇ ಕೂಗುತ್ತಿದ್ದ. ಅವನ ಗಂಟಲಿಗೆ ಮೆತ್ತಗೆ ಎಂಬ ಗೇರೇ ಇರಲಿಲ್ಲವಾದ್ದರಿಂದ ಮನೆಯಲ್ಲಿ ಅವನಿಗೆ ಹಾರ್ನ್ ಮಾಮ ಎಂಬ ಹೆಸರು. ಮಗ ಹೊದಿಕೆಯೊಳಗಿಂದ ಬರೀ "ಏನಾದ್ರೂ" ಅಂದು, ಉಳಿದ ಅರ್ಧ ಮಾತನ್ನು ನಿದ್ದೆಗೆ ಉಳಿಸಿಕೊಳ್ಳುತ್ತಿದ್ದ.

ಸರಿ, ಏನಾದರೂ ಮಾಡಿ ತಟ್ಟೆಗೆ ಹಾಕಿದರೆ, ಅದುವರೆಗೆ ಇಷ್ಟಾನಿಷ್ಟಗಳನ್ನೆಲ್ಲ ತ್ಯಾಗ ಮಾಡಿದ ಸನ್ಯಾಸಿಗಳಂತಿದ್ದವರ ನಾಲಿಗೆಗೆ ದಿಢೀರನೆ ನೆನಪು ಬರುತ್ತಿತ್ತು. "ಬೀನ್ಸ್ ಮೊನ್ನೆ ತಾನೇ ಆಗಿತ್ತಲ್ಲ?" "ಅನ್ನ ಇನ್ನೊಂದು ಚೂರು ಮೆತ್ತಗಿದ್ದರೆ ನುಂಗಬಹುದಿತ್ತು." "ಅಕ್ಕ, ಮೊಟ್ಟೆ ಮಾಡ್ತೀಯ ಅಂದ್ಕೊಂಡು ದಾರಿಯುದ್ದಕ್ಕೂ ಆಸೆ ಇಟ್ಟುಕೊಂಡು ಬಂದೆ."

ಈ ಕಷ್ಟವನ್ನು ಯಾರ ಮುಂದೆ ತೋಡಿಕೊಳ್ಳುವುದು? ಗಂಡ ಕೈ ಎತ್ತುವವನಲ್ಲ. ಅತ್ತೆ ಚುಚ್ಚುವವರಲ್ಲ. "ನಮ್ಮ ಮನೆಯವರು ಏನು ಬೇಕಾದರೂ ಮಾಡು ಅಂತಾರೆ" ಎಂದು ಪಕ್ಕದ ಮನೆಯಾಕೆಯ ಹತ್ತಿರ ಅತ್ತರೆ, ಆಕೆ ಪುಣ್ಯವಂತೆ ಅಂದು ಕಾಲು ಮುಟ್ಟಿಯಾಳು. ಹಾಗಾಗಿ ಅವಳು ಹೇಳಿಕೊಂಡದ್ದು ಭಗವಂತನೊಬ್ಬನಿಗೆ. ಅವನೂ ಎಲ್ಲ ದೊಡ್ಡವರ ಹಾಗೆ ಕೇಳಿಸಿಕೊಂಡು ಸುಮ್ಮನಿದ್ದ.

ಇಂಥ ಹೊತ್ತಿನಲ್ಲಿ ರೆಸಾರ್ಟಿನಿಂದ ಫೋನು ಬಂತು. ದೊಡ್ಡದೊಂದು ಕೆರೆಯ ದಂಡೆಯಲ್ಲಿರುವ ಆ ರೆಸಾರ್ಟಿನಲ್ಲಿ ಎರಡು ರೂಮು ಗೊತ್ತುಮಾಡಿ ಆಗಿತ್ತು. ಹೆಂಗಸರಿಬ್ಬರಿಗೆ ಒಂದು, ಗಂಡಸರು ಮೂವರಿಗೆ ಒಂದು. ಫೋನಿನಲ್ಲಿದ್ದ ಹುಡುಗಿ ಜೇನು ಸುರಿಯುವ ದನಿಯಲ್ಲಿ ಹೇಳಿದಳು: ಊಟದ ಪ್ಲಾನ್ ಅಂತ ಒಂದಿದೆ. ಮೊದಲೇ ದುಡ್ಡು ಕಟ್ಟಿಬಿಟ್ಟರೆ ಮೂರು ಹೊತ್ತೂ ಉದ್ದ ಮೇಜಿನ ಮೇಲೆ ಎಲ್ಲ ಇಟ್ಟಿರುತ್ತಾರೆ. ಬೇಕಾದ್ದನ್ನು ಬೇಕಾದಷ್ಟು ತಾವೇ ಬಡಿಸಿಕೊಳ್ಳಬಹುದು. ಹೊತ್ತು ಮೀರಿದರೆ ಬಾಗಿಲು ಹಾಕುತ್ತಾರೆ. ಒಂದು ರೂಮಿಗೆ ತಗೊಂಡರೆ ಆ ರೂಮಿನವರೆಲ್ಲರಿಗೂ ತಗೋಬೇಕು. ಸೋಮವಾರ ಬೆಳಿಗ್ಗೆ ಮತ್ತೆ ಫೋನು ಮಾಡುತ್ತೇನೆ, ಆಗ ಹೇಳಿ.

"ತಾವೇ ಬಡಿಸಿಕೊಳ್ಳಬಹುದು" ಎಂಬಲ್ಲಿಗೆ ದರ್ಜಿಯ ಹೆಂಡತಿಯ ಕಣ್ಣು ತೇವವಾಯಿತು. ದೇವರು ಕೇಳಿಸಿಕೊಂಡಿದ್ದ.

ಆದರೆ ದೇವರು ವರ ಕೊಟ್ಟರೂ ಮನೆಯವರ ಒಪ್ಪಿಗೆ ಬೇಕಲ್ಲ. ರಾತ್ರಿ ಊಟಕ್ಕೆ ಕೂತಾಗ ಸಭೆ ಸೇರಿತು.

"ಮೊದಲೇ ದುಡ್ಡು ಕಟ್ಟೋದು ಅಂದ್ರೆ ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗೆ" ಎಂದ ದರ್ಜಿ.

"ನೀನು ಹುಟ್ಟೋಕೆ ಮುಂಚೆ ನಿಮ್ಮಪ್ಪ ಹೊಲಿದಿದ್ದರಪ್ಪ" ಎಂದರು ಅವನ ತಾಯಿ. "ನಿನ್ನ ತಲೆಗೆ ಹಿಡಿಸಲೇ ಇಲ್ಲ. ಆಮೇಲೆ ಟೀ ಪಾತ್ರೆಗೆ ಹಾಕಿ ಇಟ್ವಿ, ಬಿಸಿ ಆರದ ಹಾಗೆ."

"ನೋಡಿದ್ರಾ, ನಾನು ಹೇಳ್ತಿರೋದೂ ಅದೇ."

"ಟೀ ಮಾತ್ರ ಬಿಸಿಯಾಗಿರ್ತಿತ್ತು. ನಾನು ಹೇಳ್ತಿರೋದು ಅದು."

"ಭಾವ, ಯೋಚನೆ ಯಾಕೆ?" ಹಾರ್ನ್ ಮಾಮನ ದನಿಗೆ ನೀರಿನ ಲೋಟ ಅದುರಿತು. "ಬೇಕಾದಷ್ಟು ತಿನ್ನಿ ಅಂತ ಬಾಯಿಬಿಟ್ಟು ಹೇಳ್ತಿದ್ದಾರೆ. ನನ್ನನ್ನ ಒಂದು ಸಲ ಒಳಗೆ ಬಿಡಿ. ಆಮೇಲೆ ಅವರು ಆ ಪ್ಲಾನೇ ತೆಗೆದುಬಿಡ್ತಾರೆ."

"ಅಂದ್ರೆ ನನ್ನ ಎರಡು ತುತ್ತಿಗೂ ಇವನ ಎರಡು ಬಕೆಟ್ಟಿಗೂ ಒಂದೇ ರೇಟಾ?" ಅಜ್ಜಿ ಕೇಳಿದರು.

ಮಗ ತಟ್ಟೆಯಿಂದ ತಲೆಯೆತ್ತಿದ. "ಬೆಳಿಗ್ಗೆ ತಿಂಡಿಗೆ ಬೇಗ ಬಾಗಿಲು ಹಾಕ್ತಾರಂತೆ. ಅದೇನು ರಜೆನಾ, ಜೈಲಾ?"

"ಜೈಲಲ್ಲಿ ಎಬ್ಬಿಸೋಕೆ ಒಬ್ಬನ್ನ ಇಟ್ಟಿರ್ತಾರೆ ಕಣಪ್ಪ, ಅದೊಂದು ಅನುಕೂಲ" ಎಂದರು ಅಜ್ಜಿ.

ದರ್ಜಿ ಹೆಂಡತಿಯತ್ತ ತಿರುಗಿದ. "ನೀನೇನಂತೀಯ?"

"ತಗೊಂಡ್ರೆ ಒಳ್ಳೇದು ಅನ್ಸುತ್ತೆ."

"ಯಾಕೆ?"

ಎಲ್ಲರೂ ಅವಳನ್ನೇ ನೋಡಿದರು. ಹೇಳಬೇಕಾದ್ದು ಗಂಟಲವರೆಗೆ ಬಂತು. ಅಲ್ಲಿ ಪುಣ್ಯವಂತೆ ಎಂಬ ಪಕ್ಕದ ಮನೆಯ ಮಾತು ಅಡ್ಡ ನಿಂತಿತ್ತು. "ಸುಮ್ಮನೆ" ಅಂದುಬಿಟ್ಟಳು.

ಸುಮ್ಮನೆ ಎಂಬುದು ಯಾವ ಸಭೆಯಲ್ಲೂ ಸಾಕ್ಷಿಯಾಗಿ ನಿಲ್ಲುವುದಿಲ್ಲ. ದರ್ಜಿ ಗಲ್ಲ ಕೆರೆದುಕೊಂಡ. ಅವನಿಗೆ ಜೀವನದಲ್ಲಿ ಒಂದೇ ಒಂದು ಸಿದ್ಧಾಂತವಿತ್ತು. ಯಾವುದಕ್ಕೂ ಮೊದಲು ಟ್ರಯಲ್ ಆಗಬೇಕು. ಕಚ್ಚಾ ಹೊಲಿಗೆ ಹಾಕಿದ ಕೋಟನ್ನು ಗಿರಾಕಿಯ ಮೈಮೇಲೇರಿಸಿ, ಕೈ ಎತ್ತಿಸಿ, ಕೂರಿಸಿ, ಏಳಿಸಿ, ಸುಣ್ಣದ ಗೀಟು ಎಳೆದು, ಆಮೇಲೆಯೇ ಪಕ್ಕಾ ಹೊಲಿಗೆ. ಭಗವಂತ ಮನುಷ್ಯನನ್ನು ಟ್ರಯಲ್ ನೋಡದೆ ಹೊಲಿದುಬಿಟ್ಟ, ಅದಕ್ಕೇ ಎಲ್ಲರಿಗೂ ಒಂದು ಭುಜ ಮೇಲೆ ಇನ್ನೊಂದು ಕೆಳಗೆ ಎಂದು ಅವನು ಭಕ್ತಿಯಿಂದಲೇ ಹೇಳುತ್ತಿದ್ದ. ಮದುವೆಯಾದ ಹೊಸತರಲ್ಲಿ ಮಂಚ ಕೊಳ್ಳಲು ಹೋಗಿ ಅಂಗಡಿಯಲ್ಲೇ ಅರ್ಧ ಮಧ್ಯಾಹ್ನ ನಿದ್ದೆ ಮಾಡಿ ಬಂದ ಆಸಾಮಿ ಅವನು.

"ಭಾನುವಾರ ಅಂಗಡಿಗೆ ರಜೆ" ಎಂದು ತೀರ್ಪು ಕೊಟ್ಟ. "ಅವತ್ತು ಮನೆಯೇ ರೆಸಾರ್ಟು. ಅಡಿಗೆ ನಂದು. ಬಾಗಿಲು ಕಾಯೋದು ಭಾಮೈದ. ಹೊತ್ತಿಗೆ ಸರಿಯಾಗಿ ತೆಗೀಬೇಕು, ಹೊತ್ತಿಗೆ ಸರಿಯಾಗಿ ಹಾಕಬೇಕು. ಇವಳೇ, ನೀನು ಗೆಸ್ಟು. ಅಡಿಗೆ ಮನೆ ಕಡೆ ತಲೆ ಹಾಕಿ ಮಲಗೋದೂ ಬೇಡ. ಮೈಗೆ ಹಿಡಿಸಿದ್ರೆ ತಗೊಳ್ಳೋಣ."

ಭಾನುವಾರ ಬೆಳಗಾಯಿತು. ಕತ್ತರಿ, ಟೇಪು, ಅರ್ಧ ಹೊಲಿದ ಪ್ಯಾಂಟುಗಳೆಲ್ಲ ಮೂಲೆ ಸೇರಿ, ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಮೇಲೆ ಬಿಳಿ ಲೈನಿಂಗ್ ಬಟ್ಟೆ ಹಾಸಿತ್ತು. ದರ್ಜಿಯ ಹೆಂಡತಿ ಹೊರಗೆ ಹೋಗುವಾಗ ಉಡುವ ಬಟ್ಟೆ ಉಟ್ಟು, ಕೈಕಟ್ಟಿ ಕುರ್ಚಿಯ ಮೇಲೆ ಕೂತಳು. ಬೆಳಗಿನ ಹೊತ್ತು ತಾನು ಹೀಗೆ ಕೂತದ್ದು ಆಸ್ಪತ್ರೆಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ ಎಂದು ಅವಳಿಗೆ ನೆನಪಾಯಿತು.

"ಉಪ್ಪೆಲ್ಲಿದೆ?" ಅಡಿಗೆ ಮನೆಯಿಂದ ದನಿ ಬಂತು.

"ಎಡಗಡೆ ಡಬ್ಬದಲ್ಲಿ."

"ಎಡ ಅಂದ್ರೆ ನನ್ನ ಎಡನೋ, ಕನ್ನಡಿ ಎಡನೋ?"

"ನಿಮ್ಮದೇ."

"ಇದು ಸಕ್ಕರೆ ಅಲ್ಲವಾ?"

"ನೆಕ್ಕಿ ನೋಡಿ."

ನೆಕ್ಕಿ, ಥೂ ಎಂದ ಸದ್ದು ಬಂತು. "ಎಣ್ಣೆ ಕಾದಿದೆ ಅಂತ ಹೇಗೆ ಗೊತ್ತಾಗುತ್ತೆ?"

"ರೀ, ರೆಸಾರ್ಟಿನಲ್ಲಿ ಗೆಸ್ಟನ್ನ ಹೀಗೆಲ್ಲ ಕೇಳ್ತಾರಾ?"

"ಹೊಸ ರೆಸಾರ್ಟು. ಸ್ವಲ್ಪ ಸಹಕರಿಸು."

ಕೊನೆಗೆ ತಿಂಡಿ ಮೇಜಿಗೆ ಬಂತು. ಬ್ರೆಡ್ಡಿನ ಅಂಚನ್ನೆಲ್ಲ ತೆಗೆದು, ನಾಲ್ಕು ಮೂಲೆ ಸಮನಾಗಿ, ಜೇಬಿಗೆ ಹಚ್ಚುವ ತುಂಡಿನ ಹಾಗೆ ಕತ್ತರಿಸಿದ್ದ. ಆಮ್ಲೆಟ್ಟಿನಲ್ಲಿ ನೀಲಿ ದಾರದ ಎಳೆಯೊಂದು ಸಿಕ್ಕಿತು. ಹಾರ್ನ್ ಮಾಮ ಅದನ್ನು ಎಳೆದು ನೋಡಿ, "ಭಾವ, ಅಂಚು ಮಡಚಿ ಹೊಲಿಯೋದು ಮರೆತಿದ್ದೀರಿ" ಎಂದ. ಎಂದವನು ಮೂರು ಆಮ್ಲೆಟ್ಟನ್ನು ನಿಂತಲ್ಲೇ, ಬಸ್ಸಿನ ಇಂಜಿನ್ ಚಾಲೂ ಇಟ್ಟುಬಂದವನ ಅವಸರದಲ್ಲಿ ಮುಗಿಸಿ, ಗಡಿಯಾರ ನೋಡಿ, ಬಾಗಿಲು ಹಾಕಿದ.

ಅದೇ ಕ್ಷಣಕ್ಕೆ ಹೊರಗಿನಿಂದ ಅಜ್ಜಿ ಬಾಗಿಲು ಬಡಿದರು.

"ಟೈಮಾಯ್ತಮ್ಮ" ಎಂದ ಹಾರ್ನ್ ಮಾಮ ಒಳಗಿನಿಂದ.

"ದೇವರ ಹತ್ತಿರ ಮಾತಾಡ್ತಿದ್ದೆ ಕಣೋ. ಅವನನ್ನ ಅರ್ಧಕ್ಕೆ ಬಿಟ್ಟು ಬರೋಕಾಗುತ್ತಾ?"

"ಮುಂದಿನ ಟ್ರಿಪ್ಪಿಗೆ ಬನ್ನಿ."

"ನನ್ನ ಮುಂದಿನ ಟ್ರಿಪ್ಪು ಸೀದಾ ಮೇಲಕ್ಕೆ. ಬಾಗಿಲು ತೆಗಿ."

ತೆಗೆದ. ಅಜ್ಜಿ ಬಂದು ಎರಡು ತುತ್ತು ತಿಂದರು. ಮಗ ಮಾತ್ರ ಬರಲಿಲ್ಲ. "ಇವಳೇ, ಅವನನ್ನ ಎಬ್ಬಿಸು" ಎಂದ ದರ್ಜಿ. ಗೆಸ್ಟು ಎದ್ದು ಹೋಗಿ ಕರೆದು ಬಂದಳು. ಮತ್ತೆ ಹೋದಳು. ಮೂರನೆಯ ಸಲ ಹೊದಿಕೆ ಎಳೆದಾಗ ಒಳಗಿನಿಂದ "ಐದು ನಿಮಿಷ ಅಮ್ಮ" ಎಂಬ ಆಕಾಶವಾಣಿ ಕೇಳಿತು. ಅಷ್ಟರಲ್ಲಿ ಅವಳ ತಟ್ಟೆಯ ಆಮ್ಲೆಟ್ಟು ಆರಿ, ಕಾಲರಿನೊಳಗೆ ಇಡುವ ಬಕ್ರಂ ಬಟ್ಟೆಯಂತೆ ಸೆಟೆದುಕೊಂಡಿತ್ತು.

ತಿಂಡಿಯ ಪಾತ್ರೆಗಳ ಮುಂದೆ ಸೋತು ನಿಂತಿದ್ದ ದರ್ಜಿ ಹಣೆ ಒರೆಸಿಕೊಂಡು ಹೊರಗೆ ಬಂದ. ಮುಗಿಯಿತು ಎನ್ನುವಷ್ಟರಲ್ಲಿ ಮತ್ತೆ ಶುರುವಾಗುವುದು ಅಡಿಗೆ ಮನೆಯ ಗುಣ ಎಂಬುದು ಅವನಿಗೆ ಆಗಲೇ ಹೊಳೆಯತೊಡಗಿತ್ತು.

"ಮಧ್ಯಾಹ್ನಕ್ಕೆ ಏನು ಮಾಡಲಿ?" ಎಂದು ಕೇಳಿದ.

"ಏನಾದ್ರೂ ಮಾಡಿ."

ಅಂದವಳು ತನ್ನ ಬಾಯನ್ನು ತಾನೇ ಮುಟ್ಟಿ ನೋಡಿಕೊಂಡಳು. ಆ ಮಾತು ಅಷ್ಟು ಹಗುರವಾಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಬೆಣ್ಣೆಯ ಹಾಗೆ ಜಾರಿತ್ತು. ಇಷ್ಟು ವರ್ಷ ಇವರೆಲ್ಲ ಇದನ್ನು ಯಾಕೆ ಬಿಡಲಿಲ್ಲವೆಂದು ಈಗ ತಿಳಿಯಿತು.

"ಅಷ್ಟೇನಾ?" ದರ್ಜಿ ಖುಷಿಯಿಂದ ಒಳಗೆ ಹೋದ. ತರಕಾರಿ ಬುಟ್ಟಿಯ ಮುಂದೆ ನಿಂತ. ನಿಂತೇ ಇದ್ದ. ಒಂದು ಕೈಯಲ್ಲಿ ಆಲೂಗಡ್ಡೆ, ಇನ್ನೊಂದರಲ್ಲಿ ಕೋಸು ಹಿಡಿದು ತಿರುಗಿ ಬಂದ. "ಯಾವುದು?"

"ನಿಮ್ಮಿಷ್ಟ."

"ಅಮ್ಮಾ?"

"ಎರಡು ತುತ್ತಿನ ಜೀವಕ್ಕೆ ಯಾವುದಾದ್ರೇನಪ್ಪ."

"ಏನಯ್ಯಾ ಭಾಮೈದ?"

"ಒಳಗೆ ಹೋದ ಮೇಲೆ ಎಲ್ಲ ಒಂದೇ ಡಿಪೋ ಭಾವ. ಏನಾದ್ರೂ ಮಾಡಿ."

ಆಗ ತಾನೇ ಎದ್ದು ಬಂದಿದ್ದ ಮಗ ಕಣ್ಣುಜ್ಜುತ್ತ, "ಏನಾದ್ರೂ" ಅಂದ.

ದರ್ಜಿ ಕೋಸನ್ನೇ ಮಾಡಿದ. ಪಾಪ, ಬೆವರು ಸುರಿಸಿ ಮಾಡಿದ. ಅನ್ನ ಮಾಡಿದ, ಟೊಮೆಟೊ ಸೂಪು ಮಾಡಿದ, ಬೆರಳು ಸುಟ್ಟುಕೊಂಡ. ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿ, ಮೊದಲ ಸಲ ಕೋಟು ಹೊಲಿದು ಕೊಟ್ಟ ದಿನದ ಆಸೆಗಣ್ಣಿನಿಂದ ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಿಂತ.

"ಅನ್ನ ಇನ್ನೊಂದು ಚೂರು ಮೆತ್ತಗಿರಬೇಕಿತ್ತಪ್ಪ" ಎಂದರು ಅಜ್ಜಿ.

"ಆಲೂಗಡ್ಡೆ ಮಾಡ್ತೀರ ಅಂದ್ಕೊಂಡಿದ್ದೆ" ಎಂದ ಹಾರ್ನ್ ಮಾಮ.

"ಬರೀ ಸೂಪಾ?" ಎಂದ ಮಗ.

ಹೆಂಡತಿ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಚೆನ್ನಾಗಿದೆ ಅನ್ನೋಣ ಎಂದೇ ಅವಳು ಬಾಯಿ ತೆರೆದದ್ದು. ದೇವರಾಣೆಗೂ ಅದನ್ನೇ ಅನ್ನಬೇಕೆಂದಿದ್ದಳು. ಹೊರಗೆ ಬಂದದ್ದು ಮಾತ್ರ, "ಕೋಸಾ? ಮೊನ್ನೆ ತಾನೇ ಆಗಿತ್ತಲ್ಲ?"

ದರ್ಜಿ ಸೌಟನ್ನು ಕೆಳಗಿಟ್ಟ. ಕಣ್ಣು ಸಣ್ಣದಾಯಿತು. "ಬಂದು ಬಂದು ಕೇಳಿದ್ನಲ್ಲ, ಆಗೇನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ರಾ ಎಲ್ಲರೂ?"

ಈ ಮಾತನ್ನು ಮನೆಯವರೆಲ್ಲ ಬಲ್ಲರು. ಒಂದು ಜಾತಿಯ ಗಿರಾಕಿ ಹೋದ ಮೇಲೆ ಅವನು ಬಾಗಿಲ ಕಡೆ ನೋಡಿ ಹೇಳುವ ಮಾತು ಅದು. ಕಾಲರ್ ಅಗಲ ಬೇಕಾ, ಜೇಬು ಎಷ್ಟು, ಕೈ ಉದ್ದ ಎಲ್ಲಿಗೆ ಎಂದು ಕೇಳಿದರೆ, "ಹೇಗಾದ್ರೂ ಹೊಲೀರಿ, ನಿಮಗೆ ಗೊತ್ತಿಲ್ಲದ್ದೇನು" ಎಂದು ನಕ್ಕು ಹೋಗಿ, ಬಟ್ಟೆ ತಯಾರಾದ ದಿನ ಕನ್ನಡಿ ಮುಂದೆ ನಿಂತು ಮುಖ ಹಿಂಡುವ ಗಿರಾಕಿ. ಅಂಥವನು ಬಂದುಹೋದ ದಿನ ದರ್ಜಿಗೆ ನಿದ್ದೆಯಿಲ್ಲ. ತಪ್ಪು ಅಳತೆ ಕೊಟ್ಟವನನ್ನು ಕ್ಷಮಿಸಬಹುದು, ಅಳತೆಯನ್ನೇ ಕೊಡದವನನ್ನು ಹೇಗೆ ಕ್ಷಮಿಸುವುದು ಎಂದು ಚಾವಣಿಯನ್ನು ಕೇಳುತ್ತ ಮಲಗಿರುತ್ತಿದ್ದ.

ಹೆಂಡತಿ ನೀರು ಕುಡಿದು ಲೋಟ ಇಟ್ಟಳು. ಗಂಟಲಲ್ಲಿ ಅಡ್ಡ ನಿಂತಿದ್ದದ್ದು ಇಳಿಯಿತೋ ಏನೋ.

"ರೀ, ಹೇಗಾದ್ರೂ ಹೊಲೀರಿ ಅನ್ನೋ ಗಿರಾಕಿ ವರ್ಷಕ್ಕೆ ಎಷ್ಟು ಸಲ ಬರ್ತಾನೆ?"

"ಒಂದು ಸಲ. ಅಬ್ಬಬ್ಬಾ ಅಂದ್ರೆ ಎರಡು."

"ನನ್ನ ಹತ್ತಿರ ಅಂಥವರು ನಾಲ್ಕು ಜನ ಇದ್ದಾರೆ. ದಿನಾ ಬರ್ತಾರೆ. ಮೂರು ಹೊತ್ತೂ ಬರ್ತಾರೆ."

ಹಾರ್ನ್ ಮಾಮ ಹುಟ್ಟಿದ ಮೇಲೆ ಮೊದಲ ಸಲ ಮೆತ್ತಗೆ ಕೆಮ್ಮಿದ. ದರ್ಜಿ ತನ್ನ ಸುಟ್ಟ ಬೆರಳನ್ನು ನೋಡಿದ, ಕೋಸನ್ನು ನೋಡಿದ, ಆಮೇಲೆ ಹೆಂಡತಿಯನ್ನು ನೋಡಿದ. ಮೊದಲು ನಗಲು ಶುರುಮಾಡಿದ್ದು ಅಜ್ಜಿ. ನಕ್ಕು ನಕ್ಕು ಕಣ್ಣಂಚು ಒರೆಸಿಕೊಂಡರು.

"ಇದೇನು ಇವತ್ತಿನದಾ? ನಿಮ್ಮಪ್ಪನೂ ಹೀಗೇ ಇದ್ದರು." ಸೊಸೆಯತ್ತ ತಿರುಗಿದರು. "ಅಮ್ಮಾ, ನೀನು ಸೊಸೆಯಾಗಿ ಹೊಸಿಲು ದಾಟಿದ ದಿನ ನಾನು ಕಣ್ಣೀರು ಹಾಕಿ ದೇವರಿಗೆ ಕೈ ಮುಗಿದೆನಲ್ಲ, ಯಾಕೆ ಅಂತ ತಿಳ್ಕೊಂಡಿದ್ದೆ? ಇನ್ನು ಮೇಲೆ ಏನಾದ್ರೂ ಮಾಡು ಅನ್ನೋ ಸರದಿ ನಂದು ಅಂತ."

"ನಾನು ನನ್ನ ಗುಣ ನೋಡಿ ಅಂದ್ಕೊಂಡಿದ್ದೆ ಅತ್ತೆ."

"ಗುಣ ಆಮೇಲೆ ನೋಡಿದೆ. ಅದೂ ಚೆನ್ನಾಗೇ ಇತ್ತು."

ದರ್ಜಿ ಎರಡೂ ಕೈ ಎತ್ತಿದ. "ಆಯ್ತು, ಟ್ರಯಲ್ ಮುಗೀತು. ಎರಡೂ ರೂಮಿಗೆ ತಗೊಳ್ಳೋಣ. ನಾಳೆ ಫೋನು ಬಂದಾಗ ಹೇಳಿಬಿಡ್ತೀನಿ."

ಅವಳ ಮುಖ ಅರಳಿತು. ಅದು ಅರಳಿದ್ದು ನೋಡಿ ಎಲ್ಲರಿಗೂ ಉತ್ಸಾಹ ಬಂತು.

"ಹಾಗಾದ್ರೆ ಅಕ್ಕ, ಬೆಳಿಗ್ಗೆ ನಮ್ಮ ರೂಮಿನ ಬಾಗಿಲು ಬಡೀತೀಯಲ್ಲ?" ಎಂದ ತಮ್ಮ. "ದಿನಾ ಡ್ಯೂಟಿಗೆ ಏಳೋನು, ರಜೆಯಲ್ಲಿ ಅಲಾರಂ ಇಡೋಕೆ ಮನಸ್ಸು ಬರಲ್ಲ."

"ಅಮ್ಮ, ನನ್ನನ್ನ ಬಾಗಿಲು ಹಾಕೋಕೆ ಸ್ವಲ್ಪ ಮುಂಚೆ ಎಬ್ಬಿಸು, ಸಾಕು" ಎಂದ ಮಗ. "ಒಂದು ಸಲಕ್ಕೆ ಏಳದಿದ್ರೆ ಇನ್ನೊಂದು ಸಲ ಬಾ."

"ಮತ್ತೆ ಅಷ್ಟುದ್ದ ಮೇಜಿನ ಮುಂದೆ ನಿಂತರೆ ನನಗೆ ಏನೂ ತೋಚಲ್ಲ" ಎಂದ ದರ್ಜಿ, ಪ್ರೀತಿಯಿಂದಲೇ. "ನನ್ನ ಬಾಯಿಗೆ ಏನು ಹಿಡಿಸುತ್ತೆ ಅಂತ ನಿನಗೆ ಗೊತ್ತಲ್ಲ. ನೀನೇ ನೋಡಿ ಏನಾದ್ರೂ ಹಾಕ್ಕೊಂಡು ಬಾ."

ಅವಳಿಗೆ ಕೆರೆಯ ದಂಡೆ ಕಣ್ಣ ಮುಂದೆ ಬಂತು. ಗಾಳಿ ಬೀಸುತ್ತಿತ್ತು, ನೀರು ಹೊಳೆಯುತ್ತಿತ್ತು. ಅದರ ಪಕ್ಕದ ಉದ್ದ ಮೇಜಿನ ಮುಂದೆ, ಗಂಡಸರ ರೂಮಿನ ಮೂವರ ತಟ್ಟೆಗಳನ್ನು ಮೊಳಕೈವರೆಗೂ ಜೋಡಿಸಿಕೊಂಡು ತಾನು ನಿಂತಿದ್ದಳು. ಎಲ್ಲರೂ ಎದ್ದುಹೋದ ಮೇಲೆ ಮೇಜಿನ ಬಳಿ ಇನ್ನೂ ಸ್ವಲ್ಪ ಹೊತ್ತು ಕೂತಿದ್ದಳು. ಗಂಡನ ಸಿದ್ಧಾಂತದ ಮೇಲೆ ಅವಳಿಗೆ ಅಂದು ನಿಜವಾದ ಗೌರವ ಮೂಡಿತು. ಟ್ರಯಲ್ ನೋಡದೇ ಇದ್ದಿದ್ದರೆ ಈ ಅಂಗಿ ಕಂಕುಳಲ್ಲಿ ಬಿಗಿ ಹಿಡಿಯುವುದು ಅಲ್ಲಿಗೆ ಹೋದ ಮೇಲೆ ತಿಳಿಯುತ್ತಿತ್ತು.

ಸೋಮವಾರ ಬೆಳಿಗ್ಗೆ ಫೋನು ಬಂತು. ದರ್ಜಿ ಗಂಟಲು ಸರಿಮಾಡಿಕೊಂಡು ಎತ್ತಿಕೊಳ್ಳುವಷ್ಟರಲ್ಲಿ ಹೆಂಡತಿ ಕೈ ಚಾಚಿ, "ಇಲ್ಲಿ ಕೊಡಿ" ಎಂದಳು. ಆ ದನಿ ಹೊಸದು. ಅವನು ಕೊಟ್ಟ.

"ಊಟದ ಪ್ಲಾನ್ ಹೆಂಗಸರ ರೂಮಿಗೆ ಹಾಕಮ್ಮ" ಎಂದಳು.

"ಗಂಡಸರ ರೂಮಿಗೆ ಮೇಡಂ?"

"ಅದಕ್ಕೆ ಬೇಡ."

ಆ ಕಡೆ ಜೇನು ಒಂದು ಕ್ಷಣ ಸುರಿಯುವುದು ನಿಂತಿತು. "ಅವರ ಊಟಕ್ಕೆ ಮೇಡಂ?"

"ಅಲ್ಲಿ ಸುತ್ತಮುತ್ತ ಹೋಟೆಲಿದೆಯಾ?"

"ಇದೆ ಮೇಡಂ. ಗೇಟಿನ ಆಚೆ ಒಂದು, ಬಸ್ ನಿಲ್ದಾಣದ ಹತ್ತಿರ ಇನ್ನೆರಡು."

"ಹಾಗಾದ್ರೆ ಆಯ್ತು. ಅವರಿಗೆ ಕಾಲಿದೆ, ಹಸಿವಿದೆ, ಜೊತೆಗೆ ಒಬ್ಬ ಡ್ರೈವರೂ ಇದ್ದಾನೆ."

ಫೋನಿಟ್ಟು ತಿರುಗಿದಾಗ ದರ್ಜಿಯ ಮುಖ ಇಸ್ತ್ರಿ ಕಾಣದ ಅಂಗಿಯಾಗಿತ್ತು. "ನಮ್ಮನ್ನ ಬಿಟ್ಟು ಊಟ ಮಾಡ್ತೀಯಾ?"

"ಬಿಟ್ಟು ಎಲ್ಲಿಗೆ ಹೋಗಲಿ? ಮೂರು ದಿನ ನೀವು ನಿಮ್ಮ ಹೊಟ್ಟೆ ನೋಡ್ಕೊಂಡು ಬನ್ನಿ, ನಾನು ನನ್ನದು ನೋಡ್ಕೊಂಡು ಬರ್ತೀನಿ. ಉಂಡಾದ ಮೇಲೆ ಎಲ್ಲರೂ ಒಟ್ಟಿಗೆ ನೀರಿನ ಹತ್ತಿರ ಕೂರೋಣ. ನೀವು ಮಾತಾಡಿ, ನಾನು ಕೇಳ್ತೀನಿ. ಊಟದ್ದೊಂದು ಬಿಟ್ಟು ಏನು ಬೇಕಾದ್ರೂ."

ದರ್ಜಿ ಟೇಪನ್ನು ಕೊರಳಿಂದ ತೆಗೆದ, ಮತ್ತೆ ಹಾಕಿಕೊಂಡ. ಒಳ್ಳೆಯ ಕಸುಬುದಾರನಾದ್ದರಿಂದ ಟ್ರಯಲ್‌ನ ಮಾತನ್ನು ಮೀರುವ ಅಭ್ಯಾಸ ಅವನಿಗಿರಲಿಲ್ಲ. "ಎರಡು ಮೈಗೆ ಒಂದೇ ಅಂಗಿ ಹೊಲಿಯೋಕಾಗಲ್ಲ, ನಿಜ" ಎಂದು ತನಗೇ ಹೇಳಿಕೊಂಡ. ಬಾಗಿಲವರೆಗೆ ಹೋಗಿ ನಿಂತು ತಿರುಗಿದ. "ಕೋಸಿಗೆ ಉಪ್ಪು ಸರಿಯಾಗಿತ್ತಾ, ಅದನ್ನಾದ್ರೂ ಹೇಳು."

"ಸರಿಯಾಗಿತ್ತು ರೀ. ನಿಜವಾಗ್ಲೂ ಚೆನ್ನಾಗಿತ್ತು."

ಅಷ್ಟಕ್ಕೇ ಅವನು ಎದೆಯುಬ್ಬಿಸಿ ಅಂಗಡಿಗೆ ಹೋದ.

"ನಿಮ್ಮ ಎರಡು ತುತ್ತಿಗೆ ಪೂರ್ತಿ ದುಡ್ಡು ಕಟ್ಟಿಸಿದೆ ಅತ್ತೆ, ಬೇಜಾರು ಮಾಡ್ಕೋಬೇಡಿ" ಎಂದಳು ಅವಳು.

ಅಜ್ಜಿ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಎರಡೇ ಯಾಕೆ? ಇಷ್ಟವಾದ್ದು ಇದ್ದರೆ ನಾನು ಎಂಟು ಹತ್ತು ತುತ್ತು ತಿಂತೀನಿ. ಇಲ್ಲಿ ನೀನು ಮತ್ತೆ ಮತ್ತೆ ಒಲೆ ಹತ್ತಿರ ಓಡ್ತೀಯಲ್ಲ ಅಂತ ಸುಮ್ಮನಿದ್ದೆ."

ಸೊಸೆ ಅವರನ್ನೇ ನೋಡುತ್ತ ನಿಂತಳು. ಒಂದೇ ಮನೆಯಲ್ಲಿ ಇಷ್ಟು ವರ್ಷ ಒಬ್ಬರ ಹಸಿವು ಇನ್ನೊಬ್ಬರಿಗೆ ಕಾಣದ ಹಾಗೆ ಬಚ್ಚಿಟ್ಟುಕೊಂಡಿರಬಹುದೇ? ಭಗವಂತನಿಗೆ ಎಲ್ಲ ತಿಳಿದಿರುತ್ತದೆ ಅನ್ನುತ್ತಾರೆ. ತಿಳಿದೂ ಅವನು ಬಾಯಿ ಬಿಡುವುದಿಲ್ಲ, ಅದೇ ಅವನ ಮೇಲಿನ ದೂರು.

ಅಂಗಡಿಯಲ್ಲಿ ಯಂತ್ರ ನಿಂತಿತ್ತು. "ಮೊದಲನೇ ದಿನ ಮಧ್ಯಾಹ್ನ ಎಲ್ಲಿ ತಿನ್ನೋಣ?" ಎಂದು ದರ್ಜಿ ಕೇಳುತ್ತಿದ್ದ. "ನೀವೇ ಹೇಳಿ ಭಾವ." "ನಾನು ಹೇಳೋದಾದ್ರೆ ನಿನ್ನನ್ನ ಯಾಕೆ ಕೇಳ್ತಿದ್ದೆ?" ಮಾತು ಬೆಳೆಯುವಂತಿತ್ತು. ಅವಳ ಕಾಲು ಅಭ್ಯಾಸಬಲದಿಂದ ಆ ಕಡೆ ಒಂದು ಹೆಜ್ಜೆ ಇಟ್ಟಿತು. ಅಜ್ಜಿ ಸೆರಗು ಹಿಡಿದು ಕೂರಿಸಿದರು.

"ಅಲ್ಲಿ ಅನ್ನ ಮೆತ್ತಗೆ ಮಾಡ್ತಾರೇನೆ?"

"ಗೊತ್ತಿಲ್ಲ ಅತ್ತೆ."

"ಹಣ್ಣು ಇಡ್ತಾರಾ?"

"ಅದೂ ಗೊತ್ತಿಲ್ಲ" ಎಂದಳು ದರ್ಜಿಯ ಹೆಂಡತಿ. ನಾಳೆಯ ಊಟ ಏನೆಂದು ತನಗೆ ತಿಳಿಯದ ದಿನವೊಂದು ಬರಲಿದೆ ಎಂಬುದೇ ಅವಳಿಗೆ ಆಗಲೇ ಅರ್ಧ ಹೊಟ್ಟೆ ತುಂಬಿಸಿತ್ತು. ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಒರಗಿ, ಅತ್ತೆಯ ಪಕ್ಕದಲ್ಲಿ ಕಾಲು ಚಾಚಿದಳು.